ನೂರಕ್ಕೆ ತೊಂಬತ್ತೊಂದು

ನನ್ನ ಗಂಡ ಫರಾಜ್ ಸಿಮೆಂಟ್ ಹೊರುತ್ತಿದ್ದ. ಇಪ್ಪತ್ತಾರು ವರ್ಷ ಹೊತ್ತ. ಹಡಗಿನಿಂದ ಲಾರಿಗೆ, ಲಾರಿಯಿಂದ ಗೋದಾಮಿಗೆ, ಐವತ್ತು ಕಿಲೋ ಮೂಟೆ. ನಮ್ಮ ಬಸ್ರಾ ಬಂದರಿನ ಬೇಸಿಗೆಯಲ್ಲಿ ಬೆವರಿದ ಮೈಗೆ ಸಿಮೆಂಟ್ ಕೂತರೆ ಅಲ್ಲೇ ಗಟ್ಟಿಯಾಗುತ್ತದೆ. ಸಂಜೆ ಮನೆಗೆ ಬಂದವನ ಕುತ್ತಿಗೆಗೆ ಎಣ್ಣೆ ಹಚ್ಚಿ ನಾನು ಅದನ್ನು ಕಿತ್ತು ತೆಗೆಯುತ್ತಿದ್ದೆ. ಜೊತೆಗೆ ಚರ್ಮವೂ ಬರುತ್ತಿತ್ತು. ಅವನು ನರಳುತ್ತಿರಲಿಲ್ಲ. "ನಿಧಾನ ಕಣೇ ನೌಫಾ, ಗೋಡೆಯ ಗಾರೆ ಕೀಳ್ತಾ ಇದ್ದೀಯೇನು" ಅನ್ನುತ್ತಿದ್ದ.

ಸಿಮೆಂಟು ಅವನ ಬೆರಳ ತುದಿಗಳನ್ನು ತಿಂದು ಹಾಕಿತ್ತು. ಹತ್ತು ಬೆರಳಲ್ಲಿ ಒಂದರಲ್ಲೂ ಗೆರೆ ಇರಲಿಲ್ಲ. ಬಂದರಿನ ಗೋದಾಮಿನಲ್ಲಿ ಹಾಜರಿಗೆ ಬೆರಳೊತ್ತುವ ಯಂತ್ರ ತಂದಿಟ್ಟ ಮೇಲೆ ತೊಂದರೆ ಶುರುವಾಯಿತು. ಫರಾಜ್ ಹೆಬ್ಬೆರಳು ಒತ್ತಿದರೆ ಕೆಂಪು ದೀಪ. ಎಂಜಲು ಹಚ್ಚಿ ಒತ್ತಿದರೂ ಕೆಂಪು ದೀಪ. ಮೇಸ್ತ್ರಿ ಅಬೂ ಲೈಸ್ ನಗಾಡುತ್ತಿದ್ದ. "ನಿನ್ನ ಪ್ರಕಾರ ನೀನು ಕೆಲಸಕ್ಕೆ ಬಂದಿದ್ದೀಯ. ಇದರ ಪ್ರಕಾರ ನೀನು ಹುಟ್ಟೇ ಇಲ್ಲ ಮಾರಾಯ." ಹಾಗಂದು ತನ್ನ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಅವನ ಹೆಸರು ಬರೆದುಕೊಳ್ಳುತ್ತಿದ್ದ. ಹಾಗೆ ಬರೆದುಕೊಳ್ಳುವುದು ಕಂಪನಿಯ ನಿಯಮಕ್ಕೆ ವಿರುದ್ಧ. ಆದರೆ ಫರಾಜ್ ಹೊರುವಷ್ಟು ಬೇರೆ ಯಾರೂ ಹೊರುತ್ತಿರಲಿಲ್ಲ.

ನಾವು ಕಪ್ಪು ಜನ. ನಮ್ಮ ಹಿರಿಯರನ್ನು ಹಡಗಿನಲ್ಲಿ ತುಂಬಿ ತಂದು ಇಲ್ಲಿಯ ಖರ್ಜೂರದ ತೋಟಗಳಿಗೆ ಮಾರಿದ್ದರು. ಅದು ನೂರಾರು ವರ್ಷದ ಹಿಂದಿನ ಮಾತು ಅನ್ನುತ್ತಾರೆ ಓದಿದವರು. ಬೀದಿಗೆ ಇಳಿದರೆ ಇವತ್ತಿನ ಮಾತು. ಈಗಲೂ ನಮ್ಮನ್ನು ಅಬ್ದ್ ಎಂದೇ ಕರೆಯುತ್ತಾರೆ, ಗುಲಾಮ ಅಂತ. ನಾನು ಮಾರ್ಕೆಟ್ಟಿನಲ್ಲಿ ಮೀನು ಹಸನು ಮಾಡಿಕೊಡುವವಳು. "ಏ ಗುಲಾಮಿ, ಈ ಸಬೂರ್ ಮೀನಿನ ಹುರುಪೆ ತೆಗಿ" ಅನ್ನುತ್ತಾರೆ ಗಿರಾಕಿಗಳು. ಸಿಟ್ಟಿನಿಂದ ಅನ್ನುವುದಲ್ಲ. ಅವರಿಗೆ ಅದೇ ನನ್ನ ಹೆಸರು.

ಜುಲೈ ತಿಂಗಳ ಒಂದು ಬೆಳಿಗ್ಗೆ ಫರಾಜ್ ಚಹಾ ಕುಡಿದು ರೊಟ್ಟಿ ಕಟ್ಟಿಕೊಂಡು ಹೊರಟಿದ್ದ. ಮಗಳು ರಿಹಾಬ್ ಮದುವೆಯಾಗಿ ಅಮಾರಾ ಪಟ್ಟಣಕ್ಕೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ಬಾಗಿಲಲ್ಲಿ ನಾಲ್ಕು ಜನ ಪೊಲೀಸರು ನಿಂತಿದ್ದರು. ಅವರ ಕ್ಯಾಪ್ಟನ್ ಏನನ್ನೂ ಕೇಳಲಿಲ್ಲ. ಫೋನು ಎತ್ತಿ ಫರಾಜ್‌ನ ಮುಖದ ಮುಂದೆ ಹಿಡಿದ. ಫೋನು ಸಣ್ಣಗೆ ಸದ್ದು ಮಾಡಿತು.

"ತೊಂಬತ್ತೊಂದು" ಅಂದ ಕ್ಯಾಪ್ಟನ್, ಹಿಂದಿದ್ದವನಿಗೆ.

"ಏನು ತೊಂಬತ್ತೊಂದು ಸಾಹೇಬ್ರೇ?" ಫರಾಜ್ ಕೇಳಿದ.

"ನೂರಕ್ಕೆ ತೊಂಬತ್ತೊಂದು ನೀನೇ."

ಚಿನ್ನದ ಬಜಾರಿನಲ್ಲಿ ಒಂದು ಅಂಗಡಿ ದೋಚಿದ್ದರಂತೆ. ಅಂಗಡಿಯವನ ತಲೆ ಒಡೆದಿದ್ದರಂತೆ. ಮೇಲಿದ್ದ ಕ್ಯಾಮೆರಾದಲ್ಲಿ ಒಂದು ಮುಖ ಸಿಕ್ಕಿತ್ತು. ಆ ಮುಖವನ್ನು ಯಂತ್ರಕ್ಕೆ ಕೊಟ್ಟು, ಗುರುತಿನ ಚೀಟಿಗೆ ತೆಗೆದ ಎಲ್ಲರ ಫೋಟೋಗಳಲ್ಲಿ ಹುಡುಕಿಸಿದ್ದರು. ಯಂತ್ರ ಹುಡುಕಿ ಫರಾಜ್‌ನನ್ನು ತೆಗೆದುಕೊಟ್ಟಿತ್ತು.

"ಯಾವತ್ತು ಆಗಿದ್ದು ಸಾಹೇಬ್ರೇ?"

"ಹೋದ ಮಂಗಳವಾರ. ಹಗಲು ಹನ್ನೊಂದಕ್ಕೆ."

"ಮಂಗಳವಾರ ಹನ್ನೊಂದಕ್ಕೆ ನಾನು ಮೂಟೆ ಕೆಳಗಿದ್ದೆ."

"ಗೋದಾಮಿನ ಹಾಜರಿ ನೋಡಿಕೊಂಡೇ ಬಂದಿದ್ದೀವಿ. ಅವತ್ತು ನೀನು ಇಲ್ಲ. ಅವತ್ತೇನು, ಎರಡು ವರ್ಷದಿಂದ ಒಂದು ದಿನವೂ ನೀನು ಇಲ್ಲ."

ಕೈಗೆ ಕೋಳ ಹಾಕಿದರು. ಫರಾಜ್ ನನ್ನ ಕಡೆ ತಿರುಗಿದ. ಗಾಬರಿ ಇರಲಿಲ್ಲ ಮುಖದಲ್ಲಿ. ಏನೋ ಲೆಕ್ಕ ತಪ್ಪಿದೆ, ಸರಿಹೋಗುತ್ತದೆ ಅನ್ನುವ ಹಾಗಿದ್ದ.

"ಅಬೂ ಲೈಸ್ ಹತ್ರ ಹೋಗು ನೌಫಾ. ಆ ನೋಟ್‌ಬುಕ್ ತರೋಕೆ ಹೇಳು."

ನಾನು ಚಪ್ಪಲಿ ಸಿಕ್ಕದೆ ಬರಿಗಾಲಲ್ಲಿ ಓಡಿದೆ. ಅಬೂ ಲೈಸ್ ನನ್ನನ್ನು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡ.

"ರಿಹಾಬ್ ತಾಯಿ, ಅದನ್ನ ಪೊಲೀಸರಿಗೆ ತೋರಿಸಿದ್ರೆ ಕಂಪನಿಗೆ ಗೊತ್ತಾಗುತ್ತೆ. ನನ್ನ ಕೆಲಸ ಹೋಗುತ್ತೆ. ಅದರಲ್ಲಿ ಇನ್ನೂ ಹತ್ತು ಜನರ ಹೆಸರೈತೆ. ಎಲ್ಲಾ ಬೆರಳು ಸವೆದೋರೇ. ಅವರ ಕೆಲಸನೂ ಹೋಗುತ್ತೆ."

"ಅವನನ್ನ ಹಿಡ್ಕೊಂಡು ಹೋದ್ರಲ್ಲ ಅಣ್ಣಾ."

"ನಾಳೆ ಬಾ. ಯೋಚನೆ ಮಾಡ್ತೀನಿ."

ಮರುದಿನ ಹೋದೆ. ಅಬೂ ಲೈಸ್‌ನ ಕಣ್ಣು ಕೆಂಪಾಗಿತ್ತು. ರಾತ್ರಿ ಅತ್ತಿದ್ದಾನೆ ಅಂದುಕೊಂಡೆ. "ಸುಟ್ಟುಬಿಟ್ಟೆ ತಂಗಿ" ಅಂದ. "ನನ್ನ ಮೇಲೆ ಉಗುಳು ಬೇಕಾದ್ರೆ."

ನಾನು ಉಗುಳಲಿಲ್ಲ. ನನ್ನ ಬಾಯಿ ಒಣಗಿತ್ತು.

ಠಾಣೆಯ ಮುಂದೆ ಹನ್ನೊಂದು ದಿನ ಕೂತೆ. ಬಾಗಿಲ ತನಕ ಹೋಗುವುದು, ಅವರು ಹೊರಗೆ ದಬ್ಬುವುದು. ಮನೆಯವರಿಗೆ ಒಳಗೆ ಪ್ರವೇಶವಿಲ್ಲ ಅನ್ನುವುದು. ಮೊದಲನೇ ದಿನ ಸಬೂರ್ ಮೀನು ಹುರಿದು ಅನ್ನದ ಜೊತೆ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಕಾವಲಿನವನು ಇಸಿದುಕೊಂಡ. ಎರಡನೇ ದಿನ ಖಾಲಿ ಡಬ್ಬಿ ವಾಪಸು ಕೊಟ್ಟು, "ಮೀನಿಗೆ ಉಪ್ಪು ಕಮ್ಮಿಯಾಗಿತ್ತು" ಅಂದ. ನಾನು ಮತ್ತೆ ತಂದೆ. ಅವನು ತಿಂದು ಉಳಿದದ್ದು ಒಂದು ತುತ್ತು ಫರಾಜ್‌ಗೆ ಹೋದೀತು ಅಂತ ತಂದೆ. ಹನ್ನೊಂದು ದಿನವೂ ತಂದೆ.

ಆರನೇ ದಿನ ಫರಾಜ್‌ನನ್ನು ಕಂಡೆ. ಗೇಟಿನ ಪಕ್ಕದ ಕಕ್ಕಸಿಗೆ ಕರೆದುಕೊಂಡು ಹೋಗುತ್ತಿದ್ದರು. ಅವನ ಎರಡೂ ತೋಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಕೈ ಹಿಂದಕ್ಕೆ ಕಟ್ಟಿ ಮಣಿಕಟ್ಟಿನಿಂದ ಮೇಲಕ್ಕೆ ಎಳೆದು ನೇತುಹಾಕಿದ್ದರು. ಐವತ್ತು ಕಿಲೋ ಹೊರುತ್ತಿದ್ದ ತೋಳು. ಷರಾಯಿಯ ಲಾಡಿಯನ್ನು ಜೊತೆಗಿದ್ದ ಪೇದೆ ಹಿಡಿದುಕೊಂಡಿದ್ದ. ಪೇದೆ ಬೇರೆ ಕಡೆ ನೋಡಿದ. ಅಷ್ಟು ದಯೆ ತೋರಿಸಿದ.

"ಆ ಫೋಟೋ ತೋರ್ಸಿ ಅಂದೆ" ಅಂದ ಫರಾಜ್. ತುಟಿ ಒಡೆದಿತ್ತು, ಮಾತು ತೊದಲುತ್ತಿತ್ತು. "ತೋರ್ಸಿದ್ರು. ಅದು ಹುಡುಗ ಕಣೇ ನೌಫಾ. ಇಪ್ಪತ್ತೋ ಇಪ್ಪತ್ತೆರಡೋ. ನಂಗೆ ನಲವತ್ತೇಳು. ಹೇಳಿದೆ. ಯಂತ್ರಕ್ಕಿಂತ ನಿಂಗೆ ಜಾಸ್ತಿ ಗೊತ್ತಾ ಅಂದ್ರು."

"ಏನೂ ಒಪ್ಕೋಬೇಡ."

"ಇಲ್ಲ." ಎರಡು ಹೆಜ್ಜೆ ಇಟ್ಟು ತಿರುಗಿದ. "ಪಾಪ, ಹಸಿದಿದ್ದ ಅನ್ಸುತ್ತೆ ಆ ಹುಡುಗ. ಕೆನ್ನೆ ಒಳಕ್ಕೆ ಹೋಗಿತ್ತು."

ಪೇದೆ ಅವನನ್ನು ನಡೆಸಿಕೊಂಡು ಹೋದ. ನನ್ನ ಗಂಡ ನನ್ನ ಜೊತೆ ಆಡಿದ ಕೊನೆಯ ಮಾತು ಇನ್ನೊಬ್ಬನ ಹಸಿವಿನದು.

ಹನ್ನೆರಡನೇ ದಿನ ಆಸ್ಪತ್ರೆಯಿಂದ ಕರೆ ಬಂತು. ಹೃದಯ ನಿಂತಿತು ಅಂತ ಕಾಗದದಲ್ಲಿ ಬರೆದಿದ್ದರು. ಎಲ್ಲರ ಹೃದಯವೂ ನಿಂತೇ ಸಾಯುವುದು. ಯಾರು ನಿಲ್ಲಿಸಿದರು ಅಂತ ಬರೆಯುವ ಜಾಗ ಆ ಕಾಗದದಲ್ಲಿ ಇರಲಿಲ್ಲ. ಹೊದಿಕೆ ಸರಿಸಿ ಅವನ ಮಣಿಕಟ್ಟು ನೋಡಿದೆ. ಹಗ್ಗ ಎಲುಬಿನ ತನಕ ಹೋಗಿತ್ತು. ಅವನ ಬೆರಳುಗಳನ್ನು ನನ್ನ ಕೈಯಲ್ಲಿ ಇಟ್ಟುಕೊಂಡೆ. ಮೀನಿನ ವಾಸನೆಯ ನನ್ನ ಕೈ, ಗೆರೆಯಿಲ್ಲದ ಅವನ ಕೈ. ಶವವನ್ನು ಕಾರಿನ ಮೇಲೆ ಕಟ್ಟಿ ನಜಫ್‌ನ ದೊಡ್ಡ ಖಬರಸ್ಥಾನಕ್ಕೆ ಒಯ್ದು ಮಣ್ಣು ಮಾಡಿ ಬಂದೆವು. ದಾರಿಯುದ್ದಕ್ಕೂ ರಿಹಾಬ್ ಕಾರಿನ ಚಾವಣಿಗೆ ಒಳಗಿನಿಂದ ಅಂಗೈ ಒತ್ತಿ ಹಿಡಿದಿದ್ದಳು. ಅಪ್ಪ ಬಿದ್ದುಬಿಡುತ್ತಾನೇನೋ ಅನ್ನುವ ಹಾಗೆ.

ನಲವತ್ತು ದಿನ ಕಳೆದ ಮೇಲೆ ನಿಬ್ರಾಸ್ ಅನ್ನುವ ವಕೀಲೆ ನನ್ನನ್ನು ಹುಡುಕಿಕೊಂಡು ಮೀನು ಮಾರ್ಕೆಟ್ಟಿಗೆ ಬಂದಳು. ಚಿಕ್ಕ ವಯಸ್ಸು. ಬಿಳೀ ಬೂಟು ಹಾಕಿಕೊಂಡು ಮೀನಿನ ರಕ್ತದ ನೀರಿನಲ್ಲೇ ನಿಂತಳು. ನಾನು ಕೆಲಸ ನಿಲ್ಲಿಸಲಿಲ್ಲ. ಅವಳು ಕಾಯ್ದಳು. ಗಿರಾಕಿ ಹೋದ ಮೇಲೆ ಒಂದು ಕಾಗದ ತೋರಿಸಿದಳು.

"ನಿಮ್ಮ ಯಜಮಾನರು ತಪ್ಪೊಪ್ಪಿಕೊಂಡ ಪತ್ರ ಅಂತ ಪೊಲೀಸರು ಕೋರ್ಟಿಗೆ ಕೊಟ್ಟಿರೋದು ಇದು. ಕೆಳಗೆ ಅವರ ಹೆಬ್ಬೆಟ್ಟಿದೆ."

ಕೈ ಒರೆಸಿಕೊಂಡು ನೋಡಿದೆ. ನನಗೆ ಓದು ಬರುವುದಿಲ್ಲ. ಹೆಬ್ಬೆಟ್ಟು ನೋಡಿದೆ.

"ಇದು ಫರಾಜ್‌ದಲ್ಲ."

"ಹೇಗೆ ಹೇಳ್ತೀರಮ್ಮ?"

"ಇದರಲ್ಲಿ ಗೆರೆ ಅವೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅಲ್ಲೇ ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಅವನು ಒಪ್ಪಿಕೊಂಡಿರಲಿಲ್ಲ. ಸಾಯುವ ತನಕ ಒಪ್ಪಿಕೊಂಡಿರಲಿಲ್ಲ. ಅವನ ಹೆಬ್ಬೆರಳು ಒತ್ತಿಸಿದ್ದರೂ ಗೆರೆ ಮೂಡುತ್ತಿರಲಿಲ್ಲ. ಯಾರದೋ ಹೆಬ್ಬೆರಳನ್ನು ಒತ್ತಿ ಮುಗಿಸಿದ್ದರು.

ಆ ತಿಂಗಳೇ ಅಂಗಡಿ ದೋಚಿದವರು ಬೇರೊಂದು ಕಳವಿನಲ್ಲಿ ಸಿಕ್ಕಿಬಿದ್ದು, ಮೊದಲಿನದನ್ನೂ ಒಪ್ಪಿಕೊಂಡರು. ಫೋಟೋದ ಹುಡುಗ ಅವರಲ್ಲೊಬ್ಬ. ಅವನಿಗೆ ಇಪ್ಪತ್ತೊಂದು. ನಿಬ್ರಾಸ್ ನನಗೆ ಅವನ ಫೋಟೋ ತೋರಿಸಿದಳು. ಕಣ್ಣು ಬೇರೆ, ಮೂಗು ಬೇರೆ, ಹಣೆ ಬೇರೆ. ಬಣ್ಣ ಒಂದೇ. ಕೆನ್ನೆ ನಿಜವಾಗಿಯೂ ಒಳಕ್ಕೆ ಹೋಗಿತ್ತು.

ಪೇಪರಿನಲ್ಲಿ ಬಂತು. ಸರ್ಕಾರ ಒಂದು ಸಮಿತಿ ಮಾಡಿತು. ಪೊಲೀಸರು ಇಂಥ ಯಂತ್ರಗಳನ್ನು ನ್ಯಾಯವಾಗಿ ಬಳಸುತ್ತಾರೋ ಇಲ್ಲವೋ ನೋಡುವ ಸಮಿತಿ. ಮೂರು ಜನ ದೊಡ್ಡವರು. ನನ್ನನ್ನು ಕರೆಸಿದರು. ತಣ್ಣನೆಯ ಕೋಣೆ. ಮುಂದೆ ನೀರಿನ ಬಾಟಲಿ ಇಟ್ಟರು. ನಮ್ಮ ಓಣಿಯ ನಲ್ಲಿಯಲ್ಲಿ ಉಪ್ಪು ನೀರು ಬರುತ್ತದೆ. ನಾನು ಆ ಬಾಟಲಿ ಮುಟ್ಟಲಿಲ್ಲ.

ಸಮಿತಿಯ ಮುಖ್ಯಸ್ಥರು ಡಾಕ್ಟರ್ ಮುಂಧಿರ್. ನರೆತ ಗಡ್ಡ, ಮೆತ್ತಗಿನ ಮಾತು. ನನ್ನನ್ನು ತಾಯಿ ಅಂದರು. ಅಷ್ಟು ದೊಡ್ಡ ಕಚೇರಿಯಲ್ಲಿ ನನ್ನನ್ನು ಯಾರೂ ಹಾಗೆ ಅಂದಿರಲಿಲ್ಲ. ನಿಬ್ರಾಸ್ ಹೆಬ್ಬೆಟ್ಟಿನ ಕಾಗದ ಮುಂದಿಟ್ಟಳು. ಅವರು ನೋಡಿ ಬೇಸರದಿಂದ ತಲೆ ಆಡಿಸಿದರು. "ಇದು ಪೊಲೀಸರ ಇಲಾಖೆಯ ವಿಚಾರಣೆಗೆ ಸೇರಿದ್ದು. ನಾವು ಯಂತ್ರವನ್ನು ಮಾತ್ರ ನೋಡೋದು." ಪೊಲೀಸರು ಫರಾಜ್‌ನನ್ನು ನೇತುಹಾಕಿದ ವಿಷಯವನ್ನು ಅವಳು ಹೇಳಿದಳು. ಅದೂ ಬೇರೆ ವಿಚಾರಣೆಗೆ ಸೇರಿದ್ದು. ಗೋದಾಮಿನ ಹಾಜರಿ ಯಂತ್ರ ಕಂಪನಿಗೆ ಸೇರಿದ್ದು. ನನ್ನ ಗಂಡನನ್ನು ಹೀಗೆ ಒಬ್ಬೊಬ್ಬರಿಗೆ ಒಂದೊಂದು ತುಂಡು ಹಂಚಿದರು. ನಾನು ಮೀನು ಕತ್ತರಿಸುವವಳು. ತುಂಡು ಮಾಡುವುದು ನನಗೆ ಗೊತ್ತು.

ಆಮೇಲೆ ಡಾಕ್ಟರ್ ಮುಂಧಿರ್ ನನ್ನ ಕಡೆ ಬಾಗಿ ಹೇಳಿದರು.

"ತಾಯಿ, ಯಂತ್ರಕ್ಕೆ ಯಾರ ಮೇಲೂ ದ್ವೇಷ ಇಲ್ಲ. ಅದಕ್ಕೆ ಕಲಿಸುವಾಗ ನಿಮ್ಮ ಜನರ ಮುಖ ತೀರಾ ಕಮ್ಮಿ ತೋರಿಸಿದ್ದಾರೆ. ಅದಕ್ಕೇ ಅದು ಒಬ್ಬರನ್ನ ಇನ್ನೊಬ್ಬರು ಅಂದುಕೊಳ್ಳುತ್ತೆ. ನಾವು ಅದನ್ನ ಸರಿ ಮಾಡಬೇಕು ಅಂತಿದ್ದೀವಿ. ನಿಮ್ಮ ಓಣಿಯಿಂದ ಐನೂರು ಮುಖ ಬೇಕು. ವ್ಯಾನ್ ಕಳಿಸ್ತೀವಿ. ನೀವು ಮೊದಲು ಕೊಟ್ಟರೆ ಉಳಿದವರೂ ಕೊಡ್ತಾರೆ. ನಿಮ್ಮ ಯಜಮಾನರ ಸಾವು ವ್ಯರ್ಥ ಆಗಬಾರದು."

ಒಪ್ಪಿಗೆ ಪತ್ರ ಮುಂದಿಟ್ಟರು. ಪಕ್ಕದಲ್ಲಿ ಹೆಬ್ಬೆಟ್ಟಿನ ಶಾಯಿ.

ಅವರು ಕೆಟ್ಟವರಲ್ಲ. ಅದನ್ನು ಈಗಲೂ ಹೇಳುತ್ತೇನೆ. ನಿಜವಾಗಿಯೂ ಒಳ್ಳೆಯದು ಮಾಡುತ್ತಿದ್ದೇನೆ ಅನ್ನುವ ನಂಬಿಕೆ ಆ ಮುಖದಲ್ಲಿತ್ತು. ಅದನ್ನು ಕಂಡೇ ನಾನು ಶಾಯಿಯನ್ನು ಪಕ್ಕಕ್ಕೆ ಸರಿಸಿದೆ.

"ಯಜಮಾನ್ರೇ, ಅದು ಚೆನ್ನಾಗಿ ಕಲಿತ್ರೆ ಏನ್ ಮಾಡ್ತೈತೆ?"

"ತಪ್ಪು ಮಾಡಲ್ಲ."

"ಅಂದ್ರೆ ನಮ್ಮನ್ನ ಸರಿಯಾಗಿ ಹಿಡೀತೈತೆ."

ಅವರು ಒಪ್ಪಿಗೆ ಪತ್ರವನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದರು.

"ಹಿಡಿದ ಮೇಲೆ ಹಗ್ಗ ಹಾಕೋದು ಯಂತ್ರ ಅಲ್ಲ. ಆ ಹಗ್ಗ ನಿಮ್ಮ ವಿಚಾರಣೆಗೆ ಸೇರಲ್ಲ ಅಂದ್ರಿ. ಮುಖ ಮಾತ್ರ ಸೇರ್ತೈತೆ. ನನ್ನ ಗಂಡನ ಮುಖ ತಗೊಂಡಾಗ ಯಾರಾದ್ರೂ ಒಪ್ಪಿಗೆ ಕೇಳಿದ್ರಾ? ನಮ್ಮಜ್ಜಂದಿರನ್ನ ಹಡಗಿಂದ ಇಳಿಸಿದಾಗ ಹಲ್ಲು ನೋಡಿದ್ರಂತೆ, ತೋಳು ಹಿಂಡಿ ನೋಡಿದ್ರಂತೆ. ನಮ್ಮನ್ನ ನೋಡಿ ನೋಡಿ ನಿಮಗೆ ಇನ್ನೂ ಸಾಕಾಗಿಲ್ವಾ? ಇನ್ನೂ ಐನೂರು ಬೇಕಾ?"

"ತಾಯಿ, ಬೇರೆ ದಾರಿ ಏನಿದೆ ಹೇಳಿ."

"ಆ ಯಂತ್ರನ ನಿಲ್ಲಿಸಿ."

"ಅದು ನಮ್ಮ ಕೈಯಲ್ಲಿಲ್ಲ. ನಾವು ಶಿಫಾರಸು ಮಾಡಬಹುದು, ಅಷ್ಟೇ."

"ಹಂಗಾದ್ರೆ ನನ್ನ ಮುಖನೂ ನಿಮ್ಮ ಕೈಯಲ್ಲಿಲ್ಲ."

ತಲೆಯ ಮೇಲಿಂದ ಹೊದ್ದ ಕಪ್ಪು ಅಬಾಯಾದ ಸೆರಗನ್ನು ಎಳೆದು ಮುಖ ಮುಚ್ಚಿಕೊಂಡೆ. ನಾನು ಎಂದೂ ಮುಖ ಮುಚ್ಚಿದವಳಲ್ಲ. ಮೀನು ಕತ್ತರಿಸುವವಳಿಗೆ ಅದು ಆಗುವ ಮಾತಲ್ಲ. ಅವತ್ತು ಮುಚ್ಚಿಕೊಂಡು ಎದ್ದು ಬಂದೆ. ಮೆಟ್ಟಿಲಿನ ಹತ್ತಿರ ನಿಬ್ರಾಸ್ ನನ್ನ ತೋಳು ಹಿಡಿದುಕೊಂಡಳು. ಒಳಗೆ ಬಿಡದಿದ್ದ ಅಳು ಅಲ್ಲಿ ಬಂತು.

ವ್ಯಾನು ಬಂತು. ಓಣಿಯ ಬಾಗಿಲುಗಳು ಮುಚ್ಚಿದವು. ಆದರೆ ಎಲ್ಲವೂ ಅಲ್ಲ. ಮುಖ ಕೊಡದವರ ರೇಷನ್ ನಿಲ್ಲುತ್ತದೆ ಅಂತ ಯಾರೋ ಸುದ್ದಿ ಹಬ್ಬಿಸಿದ್ದರು. ಹದಿನಾಲ್ಕು ಜನ ಹೋಗಿ ಕ್ಯಾಮೆರಾದ ಮುಂದೆ ಕೂತು ಬಂದರು. ನಾನು ಅವರನ್ನು ಬಯ್ಯುವುದಿಲ್ಲ. ಅವರಿಗೂ ಮಕ್ಕಳಿದ್ದಾರೆ. ವ್ಯಾನು ಮೂರು ದಿನ ನಿಂತು ಹೋಯಿತು. ಸಮಿತಿ ವರದಿ ಬರೆಯಿತು. ಕ್ಯಾಪ್ಟನ್‌ಗೆ ವರ್ಗವಾಯಿತು. ಯಂತ್ರ ನಡೆಯುತ್ತಲೇ ಇತ್ತು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಇಬ್ಬರು ಪೊಲೀಸರು ಬಂದರು. ಹೊಸಬರು.

"ಫರಾಜ್ ಎಲ್ಲಿ?"

"ಸತ್ತ."

"ಸುಳ್ಳು ಹೇಳಬೇಡ. ನಿನ್ನೆ ಒಂಬತ್ತು ಗಂಟೆಗೆ ಬಸ್ ನಿಲ್ದಾಣದ ಕ್ಯಾಮೆರಾದಲ್ಲಿ ಕಂಡಿದ್ದಾನೆ. ತೊಂಬತ್ತಮೂರು."

ಆಮೇಲೆ ನಿಬ್ರಾಸ್ ವಿಚಾರಿಸಿ ಹೇಳಿದಳು. ಕಾಗದದಲ್ಲಿ ಅವನ ಕೇಸು ಮುಗಿದಿತ್ತಂತೆ. ಪೊಲೀಸರು ಹುಡುಕುತ್ತಿರುವವರ ಪಟ್ಟಿಯಿಂದ ಅವನ ಮುಖ ತೆಗೆಯುವುದು ಬೇರೆ ಕಚೇರಿಯ ಕೆಲಸವಂತೆ. ಅವರು ತೆಗೆದಿರಲಿಲ್ಲ.

ನಾನು ಅವತ್ತು ಕಿರುಚಬೇಕಿತ್ತು. ಬಾಗಿಲಿಗೆ ತಲೆ ಚಚ್ಚಿಕೊಳ್ಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಹೆಂಗಿದ್ದ?"

ಪೇದೆ ನನ್ನನ್ನು ವಿಚಿತ್ರವಾಗಿ ನೋಡಿದ.

"ಕೈ ಎತ್ತುತಿದ್ನಾ?" ಅಂತ ಕೇಳಿದೆ.

"ತಲೆ ಮೇಲೆ ಮೂಟೆ ಇತ್ತು" ಅಂದ ಅವನು.

ಅವನ ಶವ ನೋಡಿದ್ದೇನೆ. ಮಣ್ಣು ಹಾಕಿದ್ದೇನೆ. ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಪೊಲೀಸರ ಗಾಡಿ ಹೊರಟ ಮೇಲೆ ನಾನೂ ಬಸ್ ನಿಲ್ದಾಣಕ್ಕೆ ಹೊರಟೆ. ದಾರಿಯಲ್ಲಿ ನಡೆಯುತ್ತಾ ನಡೆಯುತ್ತಾ ಓಡತೊಡಗಿದೆ.

ನಿಲ್ದಾಣದ ಹಿಂದೆ ಲಾರಿಯಿಂದ ಈರುಳ್ಳಿ ಇಳಿಸುತ್ತಿದ್ದರು. ಹೊರುವವರಲ್ಲಿ ಒಬ್ಬನೇ ಕಪ್ಪು ಮನುಷ್ಯ. ಮೂವತ್ತರ ಒಳಗಿನವನು. ತೆಳ್ಳಗೆ, ಮುಂದಿನ ಒಂದು ಹಲ್ಲಿಲ್ಲ. ಆ ಇಬ್ಬರು ಪೊಲೀಸರು ಅವನ ಮುಖದ ಮುಂದೆ ಆಗಲೇ ಫೋನು ಹಿಡಿದಿದ್ದರು. ಅವನು ಮೂಟೆ ಇಳಿಸದೆ ನಿಂತಿದ್ದ. ಇಳಿಸು ಅಂತ ಯಾರೂ ಹೇಳಿರಲಿಲ್ಲ.

"ಇವನು ಫರಾಜ್ ಅಲ್ಲ" ಅಂದೆ.

"ಗಂಡನ್ನ ಉಳಿಸೋಕೆ ಹೀಗೇ ಹೇಳ್ತೀಯ ನೀನು" ಅಂದ ಪೇದೆ.

"ಅಕ್ಕಾ, ಫರಾಜ್ ಯಾರು?" ಅಂತ ಆ ಮನುಷ್ಯ ನನ್ನನ್ನೇ ಕೇಳಿದ. "ನಾನು ಯಾಕೂತ್. ನಾನು ಯಾಕೂತ್ ಅಂತ ಇವರಿಗೆ ಹೇಳು."

ಅವನನ್ನು ಗಾಡಿಗೆ ಹತ್ತಿಸಿದರು. ನಾನೂ ಹತ್ತಿದೆ.

"ಇಳಿಯೇ ಕೆಳಗೆ. ಮನೆಯವರಿಗೆ ಪ್ರವೇಶ ಇಲ್ಲ."

"ಇವನು ಫರಾಜ್ ಆದ್ರೆ ನಾನು ಇವನ ಹೆಂಡ್ತಿ. ಈ ಸಲ ಇಳಿಯಲ್ಲ, ಎಳೆದು ಹಾಕಿದ್ರೂ ಇಳಿಯಲ್ಲ. ಅಲ್ಲ ಅಂದ್ರೆ ಮೊದಲು ಇವನನ್ನ ಇಳಿಸಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬ ನನ್ನ ರಟ್ಟೆಗೆ ಕೈ ಹಾಕಿದ. ನಾನು ಯಾಕೂತನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಂಗಿ ಹರಿಯಿತು. ನಾನು ಬಿಡಲಿಲ್ಲ. ಈರುಳ್ಳಿ ಹೊರುವವರು ಗಾಡಿಯ ಸುತ್ತ ಸೇರತೊಡಗಿದರು. ಪೇದೆ ಕೈ ಬಿಟ್ಟ.

ಅದೇ ಠಾಣೆಯ ಒಳಗೆ ಒಂದು ಬೆಂಚಿನಲ್ಲಿ ಅವನ ಪಕ್ಕ ಕೂತೆ. ಐದು ಗಂಟೆ ಕೂತೆ. ಎರಡು ಸಲ ಅವನನ್ನು ಒಳಗಿನ ಕೋಣೆಗೆ ಕರೆಯಲು ಬಂದರು. ಎರಡು ಸಲವೂ ನಾನು ಎದ್ದು ಅವನ ಜೊತೆ ನಡೆದೆ. ಎರಡು ಸಲವೂ ವಾಪಸು ಕೂರಿಸಿದರು. ಅವನು ಹರಿದ ಅಂಗಿಯನ್ನು ಎಳೆದು ಜೋಡಿಸಿಕೊಂಡ. ಏನಾದರೂ ಮಾತಾಡಬೇಕು ಅಂತ ಕೇಳಿದ.

"ಅಕ್ಕಾ, ನಿನ್ನ ಗಂಡ ಏನ್ ಮಾಡ್ತಿದ್ದ?"

"ಸಿಮೆಂಟ್ ಹೊರ್ತಿದ್ದ."

"ಈರುಳ್ಳಿ ಪರವಾಗಿಲ್ಲ ಅನ್ನು" ಅಂದ. ನಗಲು ನೋಡಿದ. ಆಗಲಿಲ್ಲ.

ನಿಬ್ರಾಸ್ ಮರಣಪತ್ರ ಹಿಡಿದು ಬಂದಳು. ಅಧಿಕಾರಿ ಅದನ್ನು ಮೂರು ಸಲ ಓದಿದ. ಇಳಿಮಧ್ಯಾಹ್ನದ ಅಸರ್ ನಮಾಜಿನ ಕರೆ ಆಗುವ ಹೊತ್ತಿಗೆ ಯಾಕೂತನನ್ನು ಬಿಟ್ಟರು. ಕ್ಷಮೆ ಕೇಳಲಿಲ್ಲ. ನಾಳೆ ಮತ್ತೆ ಹಿಡಿಯುವುದಿಲ್ಲ ಅಂತಲೂ ಹೇಳಲಿಲ್ಲ.

ಹೊರಗೆ ಅವನು ನನ್ನ ತಲೆಗೆ ಮುತ್ತಿಟ್ಟ. "ಲಾರಿ ಇನ್ನೂ ಅರ್ಧ ಐತೆ ಅಕ್ಕಾ" ಅಂದ. ಹರಿದ ಅಂಗಿಯಲ್ಲೇ ನಿಲ್ದಾಣದ ಕಡೆ ನಡೆದ. ಮೂಟೆ ಹೊತ್ತು ಹೊತ್ತು ಅವನ ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಎಡ ಭುಜ ಕೆಳಗೆ, ಬಲ ಭುಜ ಮೇಲೆ. ಕಾಲು ಅಗಲಿಸಿ ಇಡುವ ಹೆಜ್ಜೆ. ಹೊರುವವರ ಬೆನ್ನೆಲ್ಲ ಒಂದೇ ತರಹ ಇರುತ್ತದೆ ಅಂತ ನನಗೆ ಗೊತ್ತು. ಗೊತ್ತಿದ್ದೂ ನೋಡುತ್ತ ನಿಂತೆ. ನಿಬ್ರಾಸ್ ಏನೋ ಹೇಳುತ್ತಿದ್ದಳು. ಕೇಳಿಸಲಿಲ್ಲ. ಅವನು ರಸ್ತೆ ದಾಟಿ ಜನರೊಳಗೆ ಸೇರಿದ.

"ಫರಾಜ್" ಅಂತ ಕರೆದೆ.

ಅವನು ತಿರುಗಿ ನೋಡಲಿಲ್ಲ. ಅವನ ಹೆಸರು ಯಾಕೂತ್.